ಐದನೆಯ ಚುಕ್ಕಿ

ಜನವರಿ 6, ಸೋಮವಾರ

ಹೊಸ ಕೋಣೆಗೆ ಕುರ್ಚಿಗಳು ಬಂದವು. ಐದು ಇಲಾಖೆ, ಐದು ಬಗೆಯ ಕುರ್ಚಿ. ಕೋಸ್ಟ್ ಗಾರ್ಡಿನವರದು ಚಕ್ರದ್ದು, ಪೊಲೀಸರದು ಮರದ್ದು, ಫಿಶರೀಸಿನವರದು ಪ್ಲಾಸ್ಟಿಕ್. ಕಸ್ಟಮ್ಸಿನವರು ಕುರ್ಚಿ ಕಳಿಸಿದ್ದಾರೆ, ಅದರಲ್ಲಿ ಕೂರುವ ಮನುಷ್ಯನನ್ನು ಇನ್ನೂ ಕಳಿಸಿಲ್ಲ. ಪೋರ್ಟಿನ ಕುರ್ಚಿ ನನ್ನದೇ. ಬಂದರಿನ ಕಂಟ್ರೋಲ್ ಟವರಿನಿಂದ ನಾನೇ ತಳ್ಳಿಕೊಂಡು ಬಂದೆ. ಇಷ್ಟು ವರ್ಷ ಹಡಗುಗಳಿಗೆ ದಾರಿ ಹೇಳಿದ್ದು ಅದರಲ್ಲೇ ಕುಳಿತು. ಬೇರೆಯದರಲ್ಲಿ ಕುಳಿತರೆ ಬೆನ್ನೂ ನಿಲ್ಲುವುದಿಲ್ಲ, ದನಿಯೂ ಏಳುವುದಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಇರುವುದು ಒಂದೇ ಸಮುದ್ರ, ಕಾಯುವುದಕ್ಕೆ ಐದು ಇಲಾಖೆ. ಒಬ್ಬರ ಬೋಟು ಎಲ್ಲಿದೆಯೆಂದು ಇನ್ನೊಬ್ಬರಿಗೆ ಗೊತ್ತಿಲ್ಲ. ಇನ್ನು ಮೇಲೆ ಎಲ್ಲರೂ ಟ್ರ್ಯಾಕರ್ ಹಾಕಿಕೊಂಡೇ ಹೊರಡಬೇಕು, ಈ ಕೋಣೆಯ ದೊಡ್ಡ ಪರದೆಯ ಮೇಲೆ ಐದು ಚುಕ್ಕಿ ಕಾಣಬೇಕು, ಐವರು ಒಂದೇ ಮೇಜಿಗೆ ಕೂರಬೇಕು. ಮೂರು ತಿಂಗಳ ಪ್ರಯೋಗ. ಕೋಣೆಯನ್ನು ಉಳಿಸುವುದೋ ಮುಚ್ಚುವುದೋ, ಮಾರ್ಚ್ ಕೊನೆಗೆ ಕಾರ್ಯದರ್ಶಿ ಸಾಹೇಬರು ಹೇಳುತ್ತಾರೆ.

ಮುಚ್ಚಲು ಬಿಡುವವಳಲ್ಲ ನಾನು. ಇವತ್ತೇ ಬರೆದಿಡುತ್ತೇನೆ.

ಜನವರಿ 9, ಗುರುವಾರ

ಮೊದಲ ಸಭೆ. ಬೆಳಗಿನಿಂದ ಒಂದೇ ರಾಗ — ಅಧಿಕಾರ ಯಾರದು.

ಕೋಸ್ಟ್ ಗಾರ್ಡಿನ ಅಧಿಕಾರಿಗೆ ಮನಸ್ಸಿನಲ್ಲೇ ‘ಇಸ್ತ್ರಿ’ ಎಂದು ಹೆಸರಿಟ್ಟಿದ್ದೇನೆ. ಸಾಯಂಕಾಲವಾದರೂ ಅಂಗಿಯ ಗೆರೆ ಅಲುಗುವುದಿಲ್ಲ. ಪೊಲೀಸ್ ಇನ್‌ಸ್ಪೆಕ್ಟರು ‘ಮೀಸೆ’. ಅದಕ್ಕೆ ಕಾರಣ ಬರೆಯಬೇಕಾಗಿಲ್ಲ. ಫಿಶರೀಸ್ ಮೇಡಂ ನನ್ನ ವಯಸ್ಸಿನವರು, ಕಡಿಮೆ ಮಾತು, ಚೀಲದಲ್ಲಿ ಯಾವಾಗಲೂ ಕಡಲೆಬೀಜ.

ಇಸ್ತ್ರಿ ಶುರು ಮಾಡಿದರು: “ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮ ಕ್ಯಾಪ್ಟನ್‌ಗೆ ನೀವು ಆರ್ಡರ್ ಕೊಡೋ ಹಾಗಿಲ್ಲ.”

“ನಮಗೂ ಅಷ್ಟೇ,” ಎಂದರು ಮೀಸೆ. “ಆರ್ಡರ್ ಕೊಡೋಕೆ ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.”

“ನನಗೆ ಆರ್ಡರ್ ಬೇಡ,” ಎಂದೆ. “ಒಂದು ಮಾತು ಕೊಡಿ, ಸಾಕು. ಮಂಜಿನಲ್ಲಿ ಈ ಕೋಣೆಯಿಂದ ‘ನಿಲ್ಲಿ’ ಅಂತ ಬಂದ್ರೆ ಎಲ್ಲರೂ ನಿಲ್ಲಬೇಕು. ಎಷ್ಟೇ ಹತ್ತಿರ ಹೋಗಿದ್ರೂ ನಿಲ್ಲಬೇಕು. ‘ಹೋಗಿ’ ಅನ್ನೋದು ನಿಮ್ಮ ನಿಮ್ಮ ಸಾಹೇಬರ ಪಾಡು.”

ಇಷ್ಟೇನಾ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂದಿದ್ದವರೆಲ್ಲ ಸಹಿ ಹಾಕಿದರು. ಏನು ಕೊಟ್ಟೆವೆಂದು ಅವರಿಗೆ ಗೊತ್ತಾಗಿಲ್ಲ. ಫಿಶರೀಸ್ ಮೇಡಂ ಮಾತ್ರ ಸಹಿ ಹಾಕುವಾಗ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ಅವರಿಗೆ ಗೊತ್ತಾಯಿತು.

ಜನವರಿ 12, ಭಾನುವಾರ

ಅಣ್ಣನ ಮನೆಯಲ್ಲಿ ಊಟ. ಅಣ್ಣ ಕಸ್ಟಮ್ಸಿನ ಗಸ್ತು ಬೋಟು, ಅಂದರೆ ಲಾಂಚು, ನಡೆಸುವ ಸ್ಕಿಪ್ಪರ್. ಇಡೀ ಬಂದರಿನಲ್ಲಿ ನನ್ನ ಕೋಣೆಗೆ ದೊಡ್ಡ ವಿರೋಧಿ ಯಾರೆಂದರೆ ಒಡಹುಟ್ಟಿದವನೇ. ಹೊರಗಿನ ವಿರೋಧಿಗೆ ಕಾಫಿ ಕೊಟ್ಟು ಕಳಿಸಬಹುದು, ಇವನ ಮನೆಯಲ್ಲಿ ಕೂತು ಊಟ ಮಾಡಬೇಕು.

ನಮ್ಮ ಬೋಟುಗಳವರಲ್ಲಿ ಒಂದು ಹಳೆಯ ಪದ್ಧತಿ ಇದೆ. ಹಿಡಿದ ಹಡಗಿಗೆ ಯಾರ ಹಗ್ಗ ಮೊದಲು ಬಿತ್ತೋ ಕೇಸು ಆ ಇಲಾಖೆಯದು. ಉಳಿದವರು ಎಷ್ಟೇ ಒದ್ದಾಡಿರಲಿ, ಅವರ ಹೆಸರು ಎಲ್ಲೂ ಬರುವುದಿಲ್ಲ. ಹಗ್ಗ ಹಾಕಿದ ಸ್ಕಿಪ್ಪರ್ ತನ್ನ ಕ್ಯಾಬಿನ್ ಗೋಡೆಗೆ ಹಳದಿ ಬಣ್ಣದಲ್ಲಿ ಒಂದು ನಕ್ಷತ್ರ ಬರೆದುಕೊಳ್ಳುತ್ತಾನೆ. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಬರೆದಿಟ್ಟ ನಿಯಮಗಳನ್ನು ಯಾರೂ ಇಷ್ಟು ಶ್ರದ್ಧೆಯಿಂದ ಪಾಲಿಸುವುದಿಲ್ಲ. ಅಣ್ಣನ ಕ್ಯಾಬಿನ್ನಿನಲ್ಲಿ ಗೋಡೆ ಮುಗಿದು ನಕ್ಷತ್ರಗಳು ಮೇಲ್ಛಾವಣಿಗೆ ಹತ್ತಿವೆ.

ಹೋದ ವರ್ಷ ಇದೇ ಹಗ್ಗದ ಆಸೆಗೆ ಅಣ್ಣನ ಲಾಂಚೂ ಫಿಶರೀಸ್ ಬೋಟೂ ಮಂಜಿನಲ್ಲಿ ಒಂದೇ ಹಡಗಿನ ಬೆನ್ನು ಹತ್ತಿದವು. ಎರಡೂ ದೀಪ ಆರಿಸಿ, ಟ್ರ್ಯಾಕರ್ ಆರಿಸಿ, ಬಾಯಿ ಮುಚ್ಚಿಕೊಂಡು. ಒಂದಕ್ಕೊಂದು ಗುದ್ದಿಕೊಂಡವು. ಅಣ್ಣನ ಎಡಭುಜ ಮುರಿಯಿತು. ಅವನ ಇಂಜಿನ್ ಡ್ರೈವರ್ ನೀರಿಗೆ ಬಿದ್ದ. ಎತ್ತಿಕೊಳ್ಳುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಬದುಕಿದ, ಆದರೆ ಇವತ್ತಿಗೂ ಬೋಟು ಕಟ್ಟುವ ದಕ್ಕೆ ಕಡೆ ತಲೆ ಹಾಕುವುದಿಲ್ಲ. ತಪ್ಪು ಆ ಕಡೆಯವರದೇ ಎಂದು ಎರಡು ಇಲಾಖೆಗಳೂ ವರದಿ ಬರೆದು ಕೈ ತೊಳೆದುಕೊಂಡವು.

ಅವತ್ತು ಟವರಿನಲ್ಲಿ ಡ್ಯೂಟಿಯಲ್ಲಿದ್ದವಳು ನಾನು. ಗುದ್ದಿಕೊಂಡಾಗಿನ ಅವರ ಕೂಗನ್ನು ರೇಡಿಯೋದಲ್ಲಿ ಕೇಳಿದೆ. ಈ ಕೋಣೆ ಬೇಕೆಂದು ಹಠ ಹಿಡಿದದ್ದು ಆಮೇಲೆ.

ಅತ್ತಿಗೆ ಬಡಿಸುತ್ತ ಕೇಳಿದರು: “ಆ ನಿಮ್ಮ ಪರದೆ ಮೇಲೆ ಇವರೂ ಕಾಣ್ತಾರಾ?”

“ಟ್ರ್ಯಾಕರ್ ಸ್ವಿಚ್ ಹಾಕಿದ್ರೆ ಕಾಣ್ತಾನೆ, ಅತ್ತಿಗೆ.”

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. “ಎಲ್ಲಿದ್ದೀನಿ ಅಂತ ಕಟ್ಕೊಂಡವಳಿಗೇ ಹೇಳಲ್ಲ ನಾನು. ನಿನ್ನ ಐದು ಕುರ್ಚಿಗೆ ಹೇಳ್ತೀನಾ?”

“ಹೇಳಿದ್ರೆ ಏನಾಗತ್ತೆ?”

“ಏನಾಗತ್ತೆ ಅಂದ್ರೆ, ಹೇಳಿ ಹೋದ ದಿನ ಸಮುದ್ರ ಖಾಲಿ. ಹೇಳದೆ ಹೋದ ದಿನ ಬೇಟೆ ಸಿಗತ್ತೆ. ಇದು ಇವತ್ತಿನ ಅನುಭವ ಅಲ್ಲ ಕಣೇ. ಐದು ಜನಕ್ಕೆ ಗೊತ್ತಾಗಿದ್ದು ಆರನೆಯವನಿಗೆ ಗೊತ್ತಾಗದೆ ಇರುತ್ತಾ?”

ಒಪ್ಪಿಕೊಳ್ಳಬೇಕು, ಅವನ ಮಾತಿನಲ್ಲಿ ಹುರುಳಿದೆ. ಅವನೆದುರು ಒಪ್ಪಿಕೊಳ್ಳಲಿಲ್ಲ.

ಜನವರಿ 23, ಗುರುವಾರ

ಕಸ್ಟಮ್ಸ್ ಕುರ್ಚಿಗೂ ಜನ ಬಂದರು. ನಿವೃತ್ತಿಗೆ ಹತ್ತಿರದವರು, ಮೆತ್ತಗಿನ ಮನುಷ್ಯ. “ಏನಿದ್ರೂ ನೀವು ಹೇಳಿದ ಹಾಗೆ ಮೇಡಂ” ಎನ್ನುತ್ತಾರೆ. ಅವರ ಮಾತನ್ನು ಅವರ ಲಾಂಚೇ ಕೇಳುವುದಿಲ್ಲ, ಅದೊಂದು ಕೊರತೆ.

ಎಲ್ಲರಿಗೂ ತಲೆನೋವಾಗಿರುವುದು ಒಂದು ಸಣ್ಣ ಡೀಸೆಲ್ ಹಡಗು. ಬೂದು ಬಣ್ಣ, ಹೆಸರು ಕೆರೆದು ಹಾಕಿದೆ. ಸುಂಕ ಕಟ್ಟದ ಡೀಸೆಲ್ಲನ್ನು ಸಮುದ್ರದ ಮಧ್ಯೆ ನಿಂತು ಮಾರುತ್ತದೆ. ಹೋದ ವರ್ಷ ಅಣ್ಣ ಬೆನ್ನು ಹತ್ತಿದ್ದೂ ಅದನ್ನೇ. ಅದರ ಬುದ್ಧಿ ಮೆಚ್ಚಬೇಕು. ಪೊಲೀಸರು ಬಂದರೆ ಪೊಲೀಸರ ಗಡಿ ದಾಟಿ ನಿಲ್ಲುತ್ತದೆ. ಅವರು ಗಡಿಯಲ್ಲಿ ನಿಂತು ವಾಪಸ್. ಕೋಸ್ಟ್ ಗಾರ್ಡ್ ಬಂದರೆ ದಡದ ಕಡೆಗೆ ಬಂದು ಮೀನು ಬೋಟುಗಳ ನಡುವೆ ಸೇರಿಕೊಳ್ಳುತ್ತದೆ. ಅವರ ದೊಡ್ಡ ಹಡಗಿಗೆ ಅಲ್ಲಿಗೆ ಬರಲಾಗುವುದಿಲ್ಲ.

ಇವತ್ತು ಒಂದು ಉಪಾಯ ಒಪ್ಪಿಸಿದೆ. ಪ್ರತಿ ಬೋಟಿನಲ್ಲಿ ಇನ್ನೊಂದು ಇಲಾಖೆಯ ಒಬ್ಬ ಅಧಿಕಾರಿ. ಪೊಲೀಸರ ಬೋಟಿನಲ್ಲಿ ಕೋಸ್ಟ್ ಗಾರ್ಡಿನವರು ಕೂತಿದ್ದರೆ ಪೊಲೀಸರ ಗಡಿ ದಾಟಿದರೂ ಕೇಸು ಊರ್ಜಿತವಾಗುತ್ತದೆ.

ಮೀಸೆ ಮೀಸೆಯಲ್ಲೇ ನಕ್ಕರು. “ಅಂದ್ರೆ ಬೀಗತನ ಮಾಡ್ಕೊಂಡ ಹಾಗೆ. ನಿಮ್ಮನೆಯವರು ನಮ್ಮನೇಲಿ, ನಮ್ಮನೆಯವರು ನಿಮ್ಮನೇಲಿ.”

“ಬೀಗರಿಗೆ ಬೋಟಿನಲ್ಲಿ ಊಟ ಯಾರು ಹಾಕ್ತಾರೆ?” ಎಂದು ಇಸ್ತ್ರಿ ನಿಜವಾಗಿಯೂ ಚಿಂತೆಯಿಂದ ಕೇಳಿದರು. ಅದಕ್ಕೊಂದು ಗಂಟೆ ಚರ್ಚೆ. ಗಡಿಯ ವಿಷಯ ಹತ್ತು ನಿಮಿಷದಲ್ಲಿ ಮುಗಿದಿತ್ತು.

ಇನ್ನು ಎಲ್ಲರೂ ಅವರನ್ನು ಬೀಗರೆಂದೇ ಕರೆಯುತ್ತಾರೆ. ಸುತ್ತೋಲೆಯಲ್ಲಿ ಹಾಗೆ ಬರೆಯುವಂತಿಲ್ಲ, ಅಷ್ಟೇ.

ಅಣ್ಣ ತನ್ನ ಲಾಂಚಿನಲ್ಲಿ ನೆಂಟರಿಗೆ ಜಾಗವಿಲ್ಲ ಎಂದು ಹೇಳಿ ಕಳಿಸಿದ್ದಾನೆ.

ಫೆಬ್ರವರಿ 11, ಮಂಗಳವಾರ

ಬರೆಯಲು ನಾಚಿಕೆ. ನಗುವೂ ಬರುತ್ತಿದೆ. ಎರಡನ್ನೂ ತಡೆದುಕೊಂಡು ಬರೆಯುತ್ತೇನೆ.

ಮೊದಲ ಜಂಟಿ ಕಾರ್ಯಾಚರಣೆ. ಬೆಳಿಗ್ಗೆ ಮಂಜು. ಪರದೆಯ ಮೇಲೆ ನಾಲ್ಕು ಚುಕ್ಕಿ. ಐದನೆಯದು — ಅಣ್ಣನದು — ಇಲ್ಲ. ಲಾಂಚು ದಕ್ಕೆಯಲ್ಲೇ ಇದೆಯೆಂದರು ಕಸ್ಟಮ್ಸಿನವರು. “ರಿಪೇರಿಯಲ್ಲಿದೆ ಮೇಡಂ. ಸ್ವಿಚ್ಚಿಗೆ ಉಪ್ಪುನೀರು ಹೋಗಿದೆಯಂತೆ.” ನಂಬಿದೆ.

ಕೋಸ್ಟ್ ಗಾರ್ಡ್ ಹಡಗಿನ ರೇಡಾರಿನಲ್ಲಿ ದೀಪವಿಲ್ಲದ, ಚುಕ್ಕಿಯಿಲ್ಲದ ಒಂದು ಬೋಟು ಸಿಕ್ಕಿತು. ಡೀಸೆಲ್ ಹಡಗಿನದೇ ಕಾವಲು ದೋಣಿ ಎಂದುಕೊಂಡು ಬೆನ್ನು ಹತ್ತಿದರು. ಅದು ತಪ್ಪಿಸಿಕೊಂಡು ಸುತ್ತು ಹಾಕಿತು. ಇವರೂ ಸುತ್ತು ಹಾಕಿದರು. ಕೋಣೆಯಲ್ಲಿ ಎಲ್ಲರೂ ಎದ್ದು ನಿಂತಿದ್ದೇವೆ. ಇಸ್ತ್ರಿಯ ಅಂಗಿ ಮೊದಲ ಸಲ ಪ್ಯಾಂಟಿನಿಂದ ಈಚೆ ಬಂದಿತ್ತು. ಕೊನೆಗೆ ಸಿಕ್ಕಿಬಿದ್ದಿತು. ಹಗ್ಗ ಎಸೆದರು. ಬಿದ್ದದ್ದು ಕಸ್ಟಮ್ಸ್ ಲಾಂಚಿನ ಮೇಲೆ.

ಆ ಟ್ರ್ಯಾಕರಿನ ಗುಣ ಅದು. ಆರಿಸಿದರೆ ನಾವು ಬೇರೆಯವರಿಗೆ ಕಾಣುವುದಿಲ್ಲ, ಬೇರೆಯವರೂ ನಮಗೆ ಕಾಣುವುದಿಲ್ಲ. ಅಣ್ಣ ಕೋಸ್ಟ್ ಗಾರ್ಡ್ ಹಡಗನ್ನೇ ಡೀಸೆಲ್ ಹಡಗೆಂದುಕೊಂಡು ಅದರ ಬೆನ್ನಿಗೆ ಬರಲು ಸುತ್ತು ಹಾಕುತ್ತಿದ್ದನಂತೆ. ಅಷ್ಟರಲ್ಲಿ ನಿಜವಾದ ಡೀಸೆಲ್ ಹಡಗು ಯಾವ ಗಡಿಬಿಡಿಯೂ ಇಲ್ಲದೆ ಹೊರಟುಹೋಯಿತು.

ಮಧ್ಯಾಹ್ನದ ಹೊತ್ತಿಗೆ ಬಂದರಿನಲ್ಲೆಲ್ಲ ಸುದ್ದಿ. ಕೋಸ್ಟ್ ಗಾರ್ಡಿನವರು ಗೋಡೆಗೆ ನಕ್ಷತ್ರ ಬಳಿಯಬೇಕೋ ಬೇಡವೋ ಎಂದು ಚಹಾ ಅಂಗಡಿಯಲ್ಲಿ ಪಂಥ ಕಟ್ಟಿದ್ದಾರೆ.

ಸಾಹೇಬರ ಫೋನು ಬಂತು. ಕೂಗಾಡಲಿಲ್ಲ. “ಇನ್ನೊಂದು ಅವಕಾಶ. ಅದೂ ಹೀಗೇ ಆದರೆ ಮಾರ್ಚ್ ತನಕ ಕಾಯೋದೂ ಬೇಡ,” ಎಂದರು.

ಫೆಬ್ರವರಿ 12, ಬುಧವಾರ

ದಕ್ಕೆಗೇ ಹೋದೆ. ಅಣ್ಣ ಹಗ್ಗ ಸುತ್ತುತ್ತಿದ್ದ. ಎಡಗೈ ಈಗಲೂ ಭುಜದಿಂದ ಮೇಲೆ ಏಳುವುದಿಲ್ಲ. ಬಲಗೈಯಲ್ಲೇ ಸುತ್ತುತ್ತಾನೆ.

“ರಿಪೇರಿಯಲ್ಲಿತ್ತಂತೆ ಲಾಂಚು?”

“ನಿನ್ನೆ ಬೆಳಿಗ್ಗೆನೇ ಸರಿ ಹೋಯ್ತು.”

“ವರ್ಷವೆಲ್ಲ ಉಪ್ಪುನೀರು ನಿನ್ನ ಸ್ವಿಚ್ಚಿಗೆ ಮಾತ್ರ ಹೋಗೋದು ಹೆಂಗಣ್ಣ? ಮಿಕ್ಕ ನಾಲ್ಕು ಬೋಟು ಏನು ಸಿಹಿನೀರಲ್ಲಿ ಓಡ್ತಾವಾ?”

ಜಪ್ಪಯ್ಯ ಎಂದರೂ ಬಗ್ಗಲಿಲ್ಲ. “ನಿನ್ನ ಕೋಣೆಯಲ್ಲಿ ಐದು ಜನ, ಐದು ಫೋನು. ಹೊರಗೆ ಬಂದು ಒಂದು ಮೆಸೇಜ್ ಹಾಕಿದ್ರೆ ಮುಗೀತು. ನಿನ್ನೆ ನಾನಿಲ್ಲದಿದ್ರೂ ಆ ಹಡಗು ಸಿಕ್ತಿರಲಿಲ್ಲ. ಅದು ಆಗಲೇ ಇಂಜಿನ್ ಶುರು ಮಾಡ್ಕೊಂಡು ಕಾಯ್ತಿತ್ತು. ಅವರಿಗೆ ಹೇಳಿದವರು ಯಾರು, ಅದು ಕೇಳು ಮೊದಲು.”

ಸಿಟ್ಟು ಬಂತು. ಅವನ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಅವನು ಹೇಳಿದ್ದು ಸರಿ, ಇದನ್ನು ನಾನೇ ಯೋಚಿಸಬೇಕಿತ್ತು.

“ಸರಿ, ಸೋರೋದನ್ನ ನಾನು ನಿಲ್ಲಿಸ್ತೀನಿ. ಆಮೇಲಾದ್ರೂ ಸ್ವಿಚ್ ಹಾಕ್ತೀಯಾ?”

“ಆಮೇಲೆ ನೋಡೋಣ,” ಎಂದ. ಚಿಕ್ಕಂದಿನಲ್ಲೂ ಆಟದ ಸಾಮಾನು ಕೇಳಿದರೆ ಇದೇ ಉತ್ತರ. ಆಮೇಲೆ ಎಂದೂ ನೋಡಿದವನಲ್ಲ.

ಫೆಬ್ರವರಿ 17, ಸೋಮವಾರ

ಮನೆಯಿಂದ ದೊಡ್ಡ ಬಿಸ್ಕತ್ತು ಡಬ್ಬಿ ತಂದು ಕೋಣೆಯ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇಟ್ಟೆ. ಒಳಗೆ ಬರುವವರ ಫೋನು ಅದರೊಳಗೆ. ಕಾರ್ಯಾಚರಣೆ ಮುಗಿಯುವ ತನಕ ಯಾರೂ ಹೊರಗೆ ಹೋಗುವಂತಿಲ್ಲ. ಹೋಗಲೇಬೇಕಾದರೆ ಇಬ್ಬರಾಗಿ.

“ನಮ್ಮ ಮೇಲೆ ಅನುಮಾನವಾ?” ಇಸ್ತ್ರಿಯ ಮುಖ ಗಂಟಿಕ್ಕಿತು.

“ನನ್ನ ಮೇಲೂ ಅನುಮಾನ,” ಎಂದು ನನ್ನ ಫೋನನ್ನೇ ಮೊದಲು ಹಾಕಿದೆ.

ಫಿಶರೀಸ್ ಮೇಡಂ ಎರಡು ಫೋನು ಹಾಕಿದರು. ಮೀಸೆ ಮೂರು ಹಾಕಿದರು. ಮೂರನೆಯದರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕಸ್ಟಮ್ಸಿನವರ ಹತ್ತಿರ ಫೋನೇ ಇರಲಿಲ್ಲ. ಕನ್ನಡಕದ ಪೆಟ್ಟಿಗೆ ಹಾಕಿ ಬಂದರು, ಎಲ್ಲರೂ ಹಾಕುತ್ತಿದ್ದಾರಲ್ಲ ಎಂದು.

ಮಾರ್ಚ್ 4, ಮಂಗಳವಾರ

ಡಬ್ಬಿ ಬಂದ ಮೇಲೆ ಎರಡು ಸಣ್ಣ ದೋಣಿ ಸಿಕ್ಕಿವೆ. ಎರಡು ಸಲವೂ ಸಮುದ್ರ ಖಾಲಿ ಇರಲಿಲ್ಲ. ಅಲ್ಲಿಗೆ ಅಣ್ಣನ ಮಾತು ನಿಜವಾಯಿತು — ಸೋರುತ್ತಿತ್ತು, ಈಗ ನಿಂತಿದೆ. ಯಾರೆಂದು ಹುಡುಕಲು ಹೋಗಲಿಲ್ಲ. ಹುಡುಕಿದರೆ ಐವರೂ ಮತ್ತೆ ಐದು ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ. ನನಗೆ ಬೇಕಾದದ್ದು ತೂತು ಮುಚ್ಚುವುದು.

ಅಣ್ಣನಿಗೆ ಹೇಳಿ ಕಳಿಸಿದೆ. “ಹೂಂ” ಎಂದನಂತೆ. ಚುಕ್ಕಿ ಮಾತ್ರ ಇಲ್ಲ. ಬೀಗರೂ ಇಲ್ಲ.

ಸಾಯಂಕಾಲ ಅತ್ತಿಗೆಯ ಫೋನು. ಸುತ್ತಿ ಬಳಸಿ ಮಾತಾಡಿ ಕೊನೆಗೆ ವಿಷಯಕ್ಕೆ ಬಂದರು. “ಹೋದ ವರ್ಷ ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಬಟ್ಟೆ ಒಣಗಿಸ್ತಿದ್ದೆ. ಇವತ್ತಿಗೂ ಬಟ್ಟೆ ಒಣಗಿಸುವಾಗ ಫೋನನ್ನ ಒಳಗೆ ಬಿಟ್ಟು ಹೋಗ್ತೀನಿ, ಕೇಳಿಸದೆ ಇರಲಿ ಅಂತ. ಇವರಿಗೆ ಹೇಳೋಕೆ ಆಗಲ್ಲ, ನಗ್ತಾರೆ.”

ನಗುವುದಿಲ್ಲ ಅವನು. ಹಾಗೆಂದು ಅತ್ತಿಗೆಗೆ ಹೇಳಿದೆ.

ಮಾರ್ಚ್ 20, ಗುರುವಾರ

ಮೊದಲಿನಿಂದ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಸುದ್ದಿ. ಡೀಸೆಲ್ ಹಡಗು ಬಂದಿದೆ, ಮೀನು ಬೋಟುಗಳಿಂದ ಸ್ವಲ್ಪ ಈಚೆಗೆ. ಕಿಟಕಿಯಿಂದ ನೋಡಿದರೆ ಎದುರಿನ ಕ್ರೇನೇ ಕಾಣದಷ್ಟು ಮಂಜು. ಸಾಹೇಬರಿಗೆ ತಿಳಿಸಿದೆ. ತಾವೇ ಬಂದರು. ಡಬ್ಬಿ ನೋಡಿ ಹುಬ್ಬೇರಿಸಿದರು, ಫೋನು ಹಾಕಿ ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತರು.

ಕೋಸ್ಟ್ ಗಾರ್ಡ್ ಹೊರಗಿನಿಂದ, ಪೊಲೀಸರು ಉತ್ತರದಿಂದ, ಫಿಶರೀಸ್ ದಕ್ಷಿಣದಿಂದ. ಪೋರ್ಟಿನ ಬೋಟು ಬಂದರಿನ ಬಾಯಲ್ಲಿ. ಎಲ್ಲದರಲ್ಲೂ ಬೀಗರು. ಹಡಗು ಯಾವ ಗಡಿ ದಾಟಿದರೂ ಅಲ್ಲೊಬ್ಬ ಅಲ್ಲಿಯ ಅಧಿಕಾರಿ. ಮೊದಲಿನ ಮೂರು ಚುಕ್ಕಿಗಳೂ ಒಂದಕ್ಕೊಂದು ಹತ್ತಿರವಾಗುತ್ತಿವೆ. ಇಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ.

“ಕಸ್ಟಮ್ಸ್ ಲಾಂಚ್ ಎಲ್ಲಿ?” ಎಂದು ಕೇಳಿದೆ.

ಕಸ್ಟಮ್ಸಿನವರು ಉಗುಳು ನುಂಗಿದರು. “ದಕ್ಕೆಯಲ್ಲಿಲ್ಲ ಮೇಡಂ. ಬೆಳಕಾಗೋ ಮುಂಚೆ ಹೊರಟಿದ್ದಾರಂತೆ.”

ರೇಡಾರಿನಲ್ಲಿ ಮೀನು ಬೋಟುಗಳ ಗುಂಪು. ಅದರಲ್ಲಿ ಯಾವುದು ಅಣ್ಣ, ಯಾವುದು ಬಲೆ ಹಾಕಿ ನಿಂತ ಬೋಟು, ಹೇಳಲು ಬರುವುದಿಲ್ಲ. ನಮ್ಮ ಮೂರೂ ಬೋಟುಗಳು ಪೂರ್ತಿ ವೇಗದಲ್ಲಿವೆ.

ಮೈಕಿನ ಗುಂಡಿ ಒತ್ತಿ ಹೇಳಿದೆ: “ಎಲ್ಲ ಬೋಟುಗಳಿಗೆ, ಕೋಣೆಯಿಂದ. ನಿಲ್ಲಿ.”

ಇಸ್ತ್ರಿ ನನ್ನ ಕಡೆ ತಿರುಗಿದರು. “ಮೇಡಂ, ಇನ್ನು ಹತ್ತು ನಿಮಿಷ. ಸಿಕ್ಕೇಬಿಡತ್ತೆ.”

“ಒಂದು ಬೋಟು ಕಾಣ್ತಿಲ್ಲ.”

“ನಿಲ್ಲಿಸಿದ್ರೆ ಹಡಗು ಹೋಗತ್ತೆ ಮೇಡಂ.”

“ಹೋಗಲಿ.”

ಆಮೇಲೆ ಇಸ್ತ್ರಿ ತಾವೇ ಹೆಡ್‌ಫೋನ್ ಹಾಕಿಕೊಂಡು ತಮ್ಮ ಕ್ಯಾಪ್ಟನ್ನಿಗೆ ಹೇಳಿದರು: “ಕೊಟ್ಟ ಮಾತು ಸರ್. ನಿಲ್ಲಿಸಿ.” ಆ ಮನುಷ್ಯನ ಮೇಲೆ ನನಗಿದ್ದ ತಮಾಷೆಯೆಲ್ಲ ಅಲ್ಲಿಗೆ ಮುಗಿಯಿತು. ಹೆಸರು ಮಾತ್ರ ಇಸ್ತ್ರಿ ಎಂದೇ ಇರುತ್ತದೆ.

ಮೂರು ಚುಕ್ಕಿಗಳೂ ನಿಂತವು. ಹಡಗಿನ ಗುರುತು ನಿಧಾನಕ್ಕೆ ಜರುಗತೊಡಗಿತು.

ಹಿಂದಿನಿಂದ ಸಾಹೇಬರು, ತಗ್ಗಿದ ದನಿಯಲ್ಲಿ: “ಒಂದು ಲಾಂಚಿಗೋಸ್ಕರ ಎಲ್ಲಾ ನಿಲ್ಲಿಸಿದ್ರಿ. ಈ ಕೋಣೆ ಉಳಿಯೋದು ಬೇಡವಾ ನಿಮಗೆ?”

“ಬೇಕು ಸರ್. ಅದಕ್ಕೇ ನಿಲ್ಲಿಸಿದ್ದು.”

“ಆ ಸ್ಕಿಪ್ಪರ್ ನಿಮ್ಮ ಅಣ್ಣ, ಅಲ್ಲವಾ?”

“ಹೌದು ಸರ್. ಪೊಲೀಸ್ ಬೋಟಾಗಿದ್ದರೂ ನಿಲ್ಲಿಸ್ತಿದ್ದೆ.”

ನಿಜವೇ ಹೇಳಿದೆ. ಆದರೆ ಪೊಲೀಸ್ ಬೋಟಾಗಿದ್ದರೆ ಅತ್ತಿಗೆ ಬಟ್ಟೆ ಒಣಗಿಸುವುದು ಹೀಗೆ ಕಣ್ಣ ಮುಂದೆ ಬರುತ್ತಿರಲಿಲ್ಲ.

ಮತ್ತೆ ಮೈಕು. ಈ ಚಾನೆಲ್ ಐದು ಬೋಟುಗಳಿಗೆ ಮಾತ್ರ ಕೇಳುವುದು. ಅಣ್ಣ ಟ್ರ್ಯಾಕರ್ ಆರಿಸಿದರೂ ರೇಡಿಯೋ ಆರಿಸುವವನಲ್ಲ, ಬೇರೆಯವರು ಏನು ಮಾಡುತ್ತಿದ್ದಾರೆಂದು ಕೇಳದೆ ಅವನಿಗೆ ಇರಲಾಗುವುದಿಲ್ಲ. ಅವನನ್ನು ಕರೆಯಲಿಲ್ಲ. ಬೇಡಲೂ ಇಲ್ಲ. ಎಲ್ಲರಿಗೂ ಹೇಳುವ ದನಿಯಲ್ಲೇ ಹೇಳಿದೆ:

“ಎಲ್ಲ ಬೋಟುಗಳಿಗೆ. ಕಸ್ಟಮ್ಸ್ ಲಾಂಚ್ ನಮಗೆ ಕಾಣ್ತಿಲ್ಲ. ಅದು ಕಾಣೋ ತನಕ ಯಾರೂ ಕದಲೋ ಹಾಗಿಲ್ಲ. ಹಡಗು ಹೋದರೆ ಹೋಗಲಿ. ಇವತ್ತು ಯಾರನ್ನೂ ನೀರಿನಿಂದ ಎತ್ತೋದು ಬೇಡ.”

ಫಿಶರೀಸ್ ಬೋಟಿನ ಸ್ಕಿಪ್ಪರ್ ಉತ್ತರಿಸಿದ. ಹೋದ ವರ್ಷ ಅಣ್ಣನಿಗೆ ಗುದ್ದಿದವನು ಅವನೇ. “ಕೋಣೆ, ಫಿಶರೀಸ್. ನಿಂತಿದ್ದೀವಿ. ಎಷ್ಟು ಹೊತ್ತಾದ್ರೂ ನಿಂತಿರ್ತೀವಿ.”

ಫಿಶರೀಸ್ ಮೇಡಂ ಕಡಲೆಬೀಜದ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಸುಕಿ ಹಿಡಿದಿದ್ದರು.

ರೇಡಿಯೋದಲ್ಲಿ ಬರೀ ಸದ್ದು. ಹಡಗು ಜರುಗುತ್ತಿದೆ. ಯಾರೋ ಕುರ್ಚಿ ಸರಿಸಿದರು.

ಐದನೆಯ ಚುಕ್ಕಿ ಬಂತು.

ಫಿಶರೀಸ್ ಬೋಟಿನ ಮೂತಿಯ ನೇರಕ್ಕೆ. ಅದಕ್ಕೂ ಹಡಗಿಗೂ ನಡುವೆ, ಎರಡೂ ಚುಕ್ಕಿ ಅಂಟಿಕೊಂಡಷ್ಟು ಹತ್ತಿರ. ನಿಲ್ಲಿಸದೆ ಇದ್ದಿದ್ದರೆ... ಅದನ್ನು ಬರೆಯುವುದಿಲ್ಲ.

“ಕೋಣೆ, ಕಸ್ಟಮ್ಸ್.” ಅಣ್ಣನ ದನಿ ಒಣಗಿತ್ತು. “ಇಲ್ಲಿದ್ದೀನಿ. ಈಗ ಫಿಶರೀಸಿನವರೂ ಕಾಣ್ತಿದ್ದಾರೆ ನನಗೆ.” ಸ್ವಲ್ಪ ತಡೆದು, “ತುಂಬಾ ಹತ್ತಿರ ಕಾಣ್ತಿದ್ದಾರೆ.”

ಅಲ್ಲಿಂದ ಮುಂದಿನದು ಲೆಕ್ಕ ಬಿಡಿಸಿದಷ್ಟು ಸಲೀಸು. ಐದು ಚುಕ್ಕಿ, ಒಂದು ಹಡಗು. ಹೊರಗೆ ಓಡಿದರೆ ಕೋಸ್ಟ್ ಗಾರ್ಡ್, ಒಳಗೆ ನುಗ್ಗಿದರೆ ಪೊಲೀಸರು. ಓಡಿ ಓಡಿ ಅದೇ ನಿಂತಿತು. ಅದರ ಪಕ್ಕಕ್ಕೆ ಮೊದಲು ತಲುಪಿದ್ದು ಅಣ್ಣ. ಹಗ್ಗ ಹಾಕಿದರೆ ಕೇಸು ಅವನದು, ನಕ್ಷತ್ರ ಅವನದು. ಹೋದ ವರ್ಷ ಭುಜ ಮುರಿದುಕೊಂಡದ್ದು ಈ ಒಂದು ಹಗ್ಗಕ್ಕೆ.

“ಕೋಣೆ, ಕಸ್ಟಮ್ಸ್. ಪಕ್ಕದಲ್ಲೇ ಇದ್ದೀನಿ,” ಎಂದ. “ಹಗ್ಗ ಯಾರು ಹಾಕಬೇಕು, ಕೋಣೆ ಹೇಳಲಿ.”

ಎಲ್ಲರೂ ನನ್ನ ಕಡೆ ನೋಡಿದರು. ‘ಹೋಗಿ’ ಎನ್ನುವುದು ನನ್ನ ಪಾಡಲ್ಲ ಎಂದು ನಾನೇ ಹೇಳಿದ್ದೆ. ಇವನಾಗಿಯೇ ಕೇಳುತ್ತಿದ್ದಾನೆ.

“ಮುಂದೆ ಕಸ್ಟಮ್ಸ್, ಹಿಂದೆ ಫಿಶರೀಸ್. ಇಬ್ಬರೂ ಒಟ್ಟಿಗೆ,” ಎಂದೆ. ಆಮೇಲೆ ಬಾಯಿ ತಪ್ಪಿ, “ಎಡಗೈ ಹುಷಾರು ಕಣೋ.”

ಸಾಹೇಬರ ಮುಂದೆ, ಐದು ಬೋಟಿಗೆ ಕೇಳುವ ಹಾಗೆ. ಮೀಸೆ ಮೇಜು ತಟ್ಟಿ ನಕ್ಕರು. ನಾಚಿಕೆಯೇನೂ ಆಗಲಿಲ್ಲ.

ಮಾರ್ಚ್ 23, ಭಾನುವಾರ

ಅಣ್ಣನೇ ಬಂದ, ನಮ್ಮ ಮನೆಗೆ. ಕರೆಯದೆ ಬಂದದ್ದು ಇದೇ ಮೊದಲು. ಕುರ್ಚಿಯ ತುದಿಯಲ್ಲಿ ಕೂತ, ಹೆಣ್ಣು ನೋಡಲು ಬಂದವನ ಹಾಗೆ.

“ಅವತ್ತು ನೀನು ಹಡಗು ಬಿಟ್ಟುಬಿಡ್ತಿದ್ದೆಯಾ? ನಿಜವಾಗಲೂ?”

“ಬಿಡ್ತಿದ್ದೆ.”

“ಕೋಣೆ ಮುಚ್ಚಿಬಿಡ್ತಿದ್ರು.”

“ಮುಚ್ತಿದ್ರು.”

ಬಲಗೈಯಿಂದ ಎಡಭುಜ ತಿಕ್ಕಿಕೊಂಡ. “ಸ್ಪೀಡ್ ಹೆಚ್ಚಿಸೋಕೆ ಕೈ ಹಾಕಿದ್ದೆ. ನೀನು ‘ನಿಲ್ಲಿ’ ಅಂದೆ. ನನಗಲ್ಲ ಅಂದ್ಕೊಂಡೆ. ಆಮೇಲೆ ಫಿಶರೀಸಿನವನು ಎಷ್ಟು ಹೊತ್ತಾದ್ರೂ ನಿಂತಿರ್ತೀವಿ ಅಂದನಲ್ಲ...” ಅಲ್ಲಿಗೆ ಬಿಟ್ಟ. ನಾನೂ ಕೆದಕಲಿಲ್ಲ.

ಸ್ವಿಚ್ ಇನ್ನು ಮೇಲೆ ಹಾಕಿಯೇ ಹೊರಡುತ್ತಾನಂತೆ. ಬೀಗರನ್ನೂ ಕಳಿಸಬಹುದಂತೆ — ವಾಂತಿ ಮಾಡಿಕೊಳ್ಳದವರಾದರೆ. ಎದ್ದು ಚಪ್ಪಲಿ ಹಾಕಿಕೊಳ್ಳುತ್ತ, ಗೋಡೆ ನೋಡುತ್ತ ಹೇಳಿದ:

“ನಿಮ್ಮತ್ತಿಗೆ ಕೇಳಿದ್ರೆ, ಎಲ್ಲಿದ್ದೀನಿ ಅಂತ ಹೇಳಬೇಡ. ಅದು ಗುಟ್ಟು. ಇದ್ದೀನಿ ಅಂತ ಮಾತ್ರ ಹೇಳು.”

ಅತ್ತಿಗೆ ಬಟ್ಟೆ ಒಣಗಿಸುವಾಗ ಫೋನು ಒಳಗೆ ಬಿಡುವುದು ಇವನಿಗೆ ಗೊತ್ತಿತ್ತು. ಮೊದಲಿನಿಂದಲೂ.

ಮಾರ್ಚ್ 31, ಸೋಮವಾರ

ಆದೇಶ ಬಂತು. ಕೋಣೆ ಖಾಯಂ. ಮೊದಲ ಹಗ್ಗ ಹಾಕಿದವರಿಗೇ ಕೇಸು ಎಂಬುದು ಇನ್ನಿಲ್ಲ. ಜಂಟಿ ಕಾರ್ಯಾಚರಣೆಯಲ್ಲಿ ಸಿಕ್ಕಿದ್ದು ಐವರದ್ದೂ. ಸಾಹೇಬರು ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದಾರೆ — ಐದೂ ಕುರ್ಚಿ ಒಂದೇ ತರಹದ್ದು ಕೊಡಿಸಬೇಕೆಂದು. ನನ್ನ ಕುರ್ಚಿ ಬಿಟ್ಟುಕೊಡುವುದಿಲ್ಲ. ಇದಕ್ಕೆ ಸಹಿ ಹಾಕುವವಳಲ್ಲ.

ಅಣ್ಣನ ಕ್ಯಾಬಿನ್ನಿನಲ್ಲಿ ಹೊಸ ನಕ್ಷತ್ರ. ಅರ್ಧ ಮಾತ್ರ. ಉಳಿದರ್ಧ ಫಿಶರೀಸ್ ಬೋಟಿನಲ್ಲಿ ಇದೆಯಂತೆ. ಬಣ್ಣದ ಡಬ್ಬಿ ಅಣ್ಣನದೇ, ತಾನೇ ತೆಗೆದುಕೊಂಡು ಹೋಗಿ ಬಳಿದು ಬಂದನಂತೆ.

ಏಪ್ರಿಲ್ 3, ಗುರುವಾರ, ಬೆಳಿಗ್ಗೆ

ಮತ್ತೆ ಮಂಜು. ಕಾರ್ಯಾಚರಣೆಯೇನಿಲ್ಲ, ದಿನದ ಗಸ್ತು. ಕೋಣೆಯಲ್ಲಿ ನಾನೊಬ್ಬಳೇ ಬೇಗ ಬಂದಿದ್ದೇನೆ. ಪರದೆ ಹಚ್ಚಿದೆ. ಕೋಸ್ಟ್ ಗಾರ್ಡ್ ಬಂತು. ಪೊಲೀಸ್ ಬಂತು. ಪೋರ್ಟ್, ಫಿಶರೀಸ್.

ಹೊರಗೆ ಬಿಸ್ಕತ್ತು ಡಬ್ಬಿಯೊಳಗೆ ನನ್ನ ಫೋನು ಕುಣಿಯುತ್ತಿದೆ, ತಗಡು ಗಡಗಡ ಎನ್ನುತ್ತಿದೆ. ಈ ಹೊತ್ತಿಗೆ ಅತ್ತಿಗೆಯೇ. ಬಟ್ಟೆ ಒಣಗಿಸಲು ಹೊರಟಿರಬೇಕು. ಈ ಸಲ ಫೋನು ಅವರ ಕೈಯಲ್ಲೇ ಇದೆ ಅಂತಾಯಿತು.

ಇನ್ನೊಂದು ಚುಕ್ಕಿ ಬಂದಿಲ್ಲ. ಅವನು ಹೊರಡುವ ಹೊತ್ತಾಯಿತು. ಸ್ವಿಚ್ಚಿಗೆ ಮತ್ತೆ ಉಪ್ಪುನೀರು ಹೋಗಿದ್ದರೆ ಇವತ್ತು ದಕ್ಕೆಗೆ ಹೋಗಿ ಅವನ ಕಿವಿ —

ಬಂತು. ದಕ್ಕೆಯಿಂದ ಈಗ ತಾನೇ ಬಿಡುತ್ತಿದ್ದಾನೆ. ಫೋನು ನಿಲ್ಲುವುದರೊಳಗೆ ಎತ್ತಬೇಕು. ಇದ್ದಾನೆ ಅಂತ ಹೇಳಿ ಬಂದು ಉಳಿದದ್ದು ಬರೆಯು—